ಕಳ್ಳಿ ತೋಟದಲ್ಲಿ ಬಲೆ ಬಿಡಿ ಎಂದೆ

ಕಳೆದ ವರ್ಷ ದೀಪಾವಳಿಯ ಮರುವಾರ. ನಮ್ಮನೆಯವರು ಎಂದಿನಂತೆ ಬೆಳಿಗ್ಗೆ ಕಡಲ ದಡದಲ್ಲಿ ನಿಂತು, ಹಕ್ಕಿಗಳು ನೀರಿಗೆ ಎರಗುವುದನ್ನು ನೋಡಿ ಕೈರಂಪಣಿ ಬಲೆಯ ದೋಣಿಯವರಿಗೆ "ಬಲಿ ಬಿಡಿ" ಎಂದು ಕೂಗಿದರು. ಹಕ್ಕಿ ಎರಗಿದಲ್ಲಿ ಮೀನಿನ ಹಿಂಡು ಇರುತ್ತದೆ. ದೋಣಿಯವರು ಬಲೆ ಬಿಟ್ಟರು, ದಡದಲ್ಲಿದ್ದ ನಾವು ಹೆಂಗಸರೂ ಸೇರಿ ಹಗ್ಗ ಎಳೆದೆವು. ಮಧ್ಯಾಹ್ನ ಬಂಗುಡೆ ಮೀನಿನ ಸಾರಿನಲ್ಲಿ ಉಂಡು, "ಹುಳಿ ಹೆಚ್ಚಾಯ್ತ್" ಎಂದು ಹೇಳಿ ಮಲಗಿದರು. ಮರುದಿನ ದಡದಲ್ಲೇ ಎದೆ ಹಿಡಿದು ಕುಸಿದರು. ಕುಂದಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಮಕ್ಕಳು ಅವರ ಮಾತನ್ನೇ ಎತ್ತುತ್ತಿರಲಿಲ್ಲ. ನಾನು ಅಳುತ್ತೇನೆಂಬ ಹೆದರಿಕೆ ಅವರಿಗೆ. ನನಗೋ, ಒಮ್ಮೆಯಾದರೂ ಅವರ ಬಗ್ಗೆ ಮಾತಾಡಬೇಕೆಂಬ ಆಸೆ. ಹೇಳಲು ಬಾಯಿ ತೆರೆದವಳು ಮಕ್ಕಳನ್ನು ಊಟಕ್ಕೆ ಕರೆದು ಒಳಗೆ ಹೋಗುತ್ತಿದ್ದೆ.

ಈ ಮಾರ್ಚಿನಲ್ಲಿ ಪಕ್ಕದ ಮನೆಯ ಸುಮತಿ ಟೀಚರ್ ಬಂದು, "ನಾಳೆ ಹಕ್ಕಿ ಕಾಂಬುಕೆ ಶಿರೂರಿಗ್ ಹೋಪ, ಬಾ ಮಾರಾಯ್ತಿ. ಮನೆ ಎಂತ ಓಡಿ ಹೋತಿಲ್ಲ" ಎಂದರು.

ಶಿರೂರಿನ ಕೆಂಪು ಮುರಕಲ್ಲು ಗುಡ್ಡದ ಮೇಲೆ ಒಬ್ಬರು ಮರಳು ಹಾಕಿಸಿ ಬಗೆಬಗೆಯ ಕಳ್ಳಿ ಬೆಳೆಸಿದ್ದಾರೆ. ಮರುಭೂಮಿ ತೋಟ ಎಂದೇ ಅದಕ್ಕೆ ಹೆಸರು. ನಾವು ಐದೇ ಜನ. ಹಕ್ಕಿ ತೋರಿಸಲು ಕರೆದೊಯ್ದ ಭಟ್ಟರು ಕ್ಯಾಮೆರಾ ಹಿಡಿದು, "ಯಾರೂ ಮಾತಾಡುಕಾಗ" ಎಂದು ಮೊದಲೇ ಎಚ್ಚರಿಸಿದ್ದರು.

ಹಿಂದಿನ ಸಂಜೆ ನಾಲ್ಕು ಹನಿ ಮಳೆ ಬಿದ್ದಿತ್ತು. ಬಿಸಿಲೇರುತ್ತಿದ್ದಂತೆ ನೆಲದಿಂದ ರೆಕ್ಕೆಯ ಗೆದ್ದಲುಗಳು ಎದ್ದವು. ಅವನ್ನು ಹಿಡಿಯಲು ಹಸಿರು ಕಳ್ಳಿಪೀರ ಹಕ್ಕಿಗಳ ಹಿಂಡು ಬಂದು ಎರಗತೊಡಗಿತು. ನನಗೆ ಏನಾಯಿತೋ, ಎದ್ದು ನಿಂತು ಸೆರಗು ಬೀಸಿ ಕೂಗಿಬಿಟ್ಟೆ. "ಹ್ವಾಯ್! ತೆಂಕ್ ಬದಿ ಕಾಣಿ! ಬಲಿ ಬಿಡಿ, ಬಲಿ ಬಿಡಿ!"

ಹಕ್ಕಿಗಳೆಲ್ಲ ಹಾರಿಹೋದವು. ಭಟ್ಟರು ಕ್ಯಾಮೆರಾ ಇಳಿಸಿ ನನ್ನನ್ನೇ ನೋಡಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

"ಕಳ್ಳಿ ಬುಡದಲ್ ಬಂಗುಡೆ ಸಿಕ್ತಾ ನಿಂಗೆ?" ಎಂದರು ಟೀಚರ್.

"ಸಿಕ್ರೆ ನಂಗೂ ಎರಡ್ ಇಡಿ ಅಕ್ಕ, ಮನೇಲ್ ಮಾತ್ರ ಹೇಳ್ಬೇಡಿ" ಎಂದು ಭಟ್ಟರು ಜೋರಾಗಿ ನಕ್ಕರು. ಆಮೇಲೆ, "ಹಕ್ಕಿ ಕಂಡ್ ಬಲಿ ಬಿಡಿ ಅಂದ್ರಲ್ಲ, ಎಂತಕ್ಕೆ?" ಎಂದು ಕೇಳಿದರು.

ಹೇಳಿದೆ. ನಮ್ಮನೆಯವರು ದಡದಲ್ಲಿ ಹೇಗೆ ನಿಲ್ಲುತ್ತಿದ್ದರು, ಅಂದಾಜು ತಪ್ಪಿದ ದಿನ ಹಕ್ಕಿಗೇ ಹೇಗೆ ಬೈಯುತ್ತಿದ್ದರು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ನಕ್ಕೆ. ಕಳ್ಳಿಪೀರಗಳು ಮತ್ತೆ ಬಂದವು. ಭಟ್ಟರು ಕ್ಯಾಮೆರಾ ಎತ್ತಲಿಲ್ಲ, ಕೇಳುತ್ತಲೇ ಕುಳಿತಿದ್ದರು.

ಈಗ ಮಕ್ಕಳೊಡನೆಯೂ ಅವರ ವಿಷಯ ಮಾತಾಡುತ್ತೇನೆ. ನಾನೊಂದು ಹೇಳಿದರೆ ಮಕ್ಕಳು ಮತ್ತೊಂದು ನೆನಪಿಸುತ್ತಾರೆ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ನಾನು ತಪ್ಪು ಹೇಳಿದಾಗ, "ಅದ್ ಹಾಂಗಲ್ಲ ಮಾರಾಯ್ತಿ" ಎಂದು ನಡುವೆ ಬಾಯಿ ಹಾಕಲು ಅವರಿಲ್ಲ.