ಖಾಲಿ ಚೌಕ ಬರೆಯದ ನನ್ನ ಮಾವ

ಹನ್ನೊಂದು ತಿಂಗಳ ಹಾಳೆಗಳಲ್ಲಿ ಒಂದೇ ಒಂದು ಸೊನ್ನೆಯೂ ಇಲ್ಲವಲ್ಲ ಎಂಬ ಚಿಂತೆ ನನಗೆ ಹತ್ತಿದ್ದು ಮಗಳ ಜ್ವರ ನೋಡುತ್ತ ಕೂತಿದ್ದಾಗ. ಅವಳ ಮೈಬಿಸಿಯನ್ನು ಗಂಟೆಗೊಮ್ಮೆ ಬರೆದಿಡುವವಳು ನಾನು. ನಾಲ್ಕು ಸಲ ಒಂದೇ ಅಂಕಿ ಬಂದರೆ ಮಗು ಸುಧಾರಿಸಿತು ಅಂದುಕೊಳ್ಳುವುದಿಲ್ಲ, ಥರ್ಮಾಮೀಟರ್ ಕೆಟ್ಟಿರಬೇಕು ಅಂದುಕೊಳ್ಳುತ್ತೇನೆ. ಆ ಮಧ್ಯಾಹ್ನ ಒಂದು ಕೈಯಲ್ಲಿ ಮಗುವಿನ ಹಣೆ ಒರೆಸುತ್ತ ಇನ್ನೊಂದು ಕೈಯಲ್ಲಿ ಮಾವನ ಹಾಳೆಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ನಲವತ್ತೊಂದು, ಮೂವತ್ತೆಂಟು, ಐವತ್ತು, ನಲವತ್ತಾರು. ತಿಂಗಳಿಗೆ ಮೂವತ್ತು ಅಂಕಿ. ಒಂದೂ ಮೂವತ್ತರ ಕೆಳಗಿಲ್ಲ. ಜ್ವರವೇ ಬರದ ಮಗುವಿನ ಚೀಟಿಯ ಹಾಗೆ.

ಮಾವ ಎಂದರೆ ನನ್ನ ಗಂಡನ ತಂದೆ. ಕಡಲ ಸಂಶೋಧನಾ ಕೇಂದ್ರದಲ್ಲಿ ಸಹಾಯಕ. ತಿಂಗಳಿಗೊಮ್ಮೆ ನೀರು ಪೂರ್ತಿ ಇಳಿದ ದಿನ ದಡದ ಬಂಡೆಗಳಿಗೆ ಹೋಗುವುದು, ಬೆನ್ನು ತಿರುಗಿಸಿ ನಿಂತು ಮೊಳದಗಲದ ಕಬ್ಬಿಣದ ಚೌಕಟ್ಟೊಂದನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವುದು, ಅದು ಬಿದ್ದ ಕಡೆ ಅದರೊಳಗೆ ಸಿಕ್ಕ ಬಸವನಹುಳು, ಏಡಿ, ಚಿಪ್ಪುಗಳನ್ನು ಎಣಿಸಿ ಬರೆಯುವುದು. ಹೀಗೆ ಮೂವತ್ತು ಸಲ. ಬೆನ್ನು ತಿರುಗಿಸುವುದು ಏಕೆಂದರೆ, ನೋಡಿ ಎಸೆದರೆ ಮನುಷ್ಯನ ಕೈ ತನಗೆ ಬೇಕಾದ ಕಡೆಗೇ ಎಸೆಯುತ್ತದೆ. ಕುರುಡಾಗಿ ಎಸೆದ ಚೌಕ ದಡ ಹೇಗಿದೆಯೋ ಹಾಗೆ ಹೇಳುತ್ತದೆ. ಇಪ್ಪತ್ತಾರು ವರ್ಷ ಒಬ್ಬ ಮನುಷ್ಯ ಇದನ್ನು ಮಾಡಿದರೆ ಆ ದಡದ ಆರೋಗ್ಯ ಹಾಳೆಯ ಮೇಲೆ ಬಂದಿರುತ್ತದೆ. ಕೇಂದ್ರದ ಗೋಡೆಯ ಮೇಲಿನ ಫಲಕದಲ್ಲಿ ಹಾಗೆಂದು ಬರೆದಿದೆ. ಕಡಲಿಗೆ ಪ್ಲಾಸ್ಟಿಕ್ ಹಾಕಬೇಡಿ ಎಂದು ಕೆಳಗೆ ಇನ್ನೊಂದು ಸಾಲು, ಫಲಕವೇ ಪ್ಲಾಸ್ಟಿಕ್ಕಿನದು.

ಅದಕ್ಕೂ ಮುಂಚೆ ಮಾವ ದೋಣಿಗಳು ಬಂದು ನಿಲ್ಲುವ ಮೀನು ದಕ್ಕೆಯಲ್ಲಿ ಮಂಜುಗಡ್ಡೆ ಹೊರುತ್ತಿದ್ದರಂತೆ. ಕೇಂದ್ರ ಶುರು ಮಾಡಿದ ಮುದುಕ ವಿಜ್ಞಾನಿಯೊಬ್ಬರು ಇವರ ಗಟ್ಟಿ ಹೆಗಲು ನೋಡಿ ಚೀಲ ಹೊರಲು ಕರೆದರು. ಚೀಲ ಹೊರುತ್ತ ಹೊರುತ್ತ ಇವರು ಹದಿನಾಲ್ಕು ಜೀವಿಗಳ ವಿಜ್ಞಾನದ ಹೆಸರು ಬಾಯಿಪಾಠ ಮಾಡಿದರು. ಅಷ್ಟೇ ವಿದ್ಯೆ, ಮತ್ತು ಅದಕ್ಕೆ ಹದಿನಾಲ್ಕು ಊರಿನಷ್ಟು ಜಂಬ. ಮನೆಗೆ ಬಂದವರಿಗೆ ನೀರು ಕೊಡುವುದಕ್ಕೂ ಮೊದಲು ಆ ಹೆಸರುಗಳನ್ನು ಕೊಡುತ್ತಾರೆ. ಯಾರನ್ನೋ ಬೈದ ಹಾಗೆ ಕೇಳಿಸುತ್ತದೆ. ಬೇರೆಯವರು ಮದುವೆ ಫೋಟೊ ಹಾಕುವ ಮೊಳೆಗೆ ಇವರು ಚೌಕಟ್ಟು ನೇತುಹಾಕಿದ್ದಾರೆ. ತುಕ್ಕು ಗೋಡೆಗೆಲ್ಲ ಇಳಿದಿದೆ. ಅದರ ಕೆಳಗೆ ಮಗು ಆಡಿದರೆ ಓಡಿಹೋಗಿ ಎತ್ತಿಕೊಳ್ಳುತ್ತೇನೆ. "ಬೀಳಲ್ಲಮ್ಮ, ನಾನು ಹೊಡೆದ ಮೊಳೆ," ಅನ್ನುತ್ತಾರೆ, ಮೊಳೆ ಹೊಡೆಯುವುದೂ ಒಂದು ವಿಜ್ಞಾನವೇನೋ ಎಂಬಂತೆ. ಕೇಂದ್ರದ ಹುಡುಗರಿಗೆಲ್ಲ ಇವರು ಚೌಕದಣ್ಣ. ಅದು ಪ್ರೀತಿಯ ಹೆಸರು ಎಂದು ಇವರೊಬ್ಬರೇ ನಂಬಿದ್ದಾರೆ.

ಹೋದ ವರ್ಷ ಹಾಳೆಗಳೆಲ್ಲ ಕಂಪ್ಯೂಟರಿನಲ್ಲೇ ಬರಬೇಕು ಎಂದು ಆದೇಶವಾಯಿತು. "ನಮ್ಮ ಸೊಸೆ ಸಿಟೀಲಿ ಓದಿದೋಳು," ಎಂದು ಮಾವ ಒಪ್ಪಿಕೊಂಡು ಬಂದರು. ನನ್ನನ್ನು ಕೇಳಿದವರಿಲ್ಲ.

ಸೊನ್ನೆಯ ವಿಷಯ ಗಂಡನಿಗೆ ಹೇಳಿದೆ. ಅವರು ದೋಣಿಗಳ ಎಂಜಿನ್ ರಿಪೇರಿ ಮಾಡುವವರು. ಓಡುವ ಎಂಜಿನ್ನನ್ನು ಯಾರೂ ಬಿಚ್ಚಬಾರದು ಎಂಬುದು ಅವರ ವೇದಾಂತ.

"ಚಿಂತೆ ಇಲ್ಲದೋನಿಗೆ ಸಂತೇಲೂ ನಿದ್ದೆ. ನಿಂಗೆ ಹಾಸಿಗೇಲೂ ಇಲ್ಲ," ಅಂದರು. "ಹುಳ ಇದೆ, ಎಣಿಸ್ತಾರೆ. ಇಲ್ಲ ಅಂತ ಬರೆದ್ರೆ ನಿಂಗೆ ಸಮಾಧಾನಾನಾ?"

ಸಮಾಧಾನದ ಮಾತಾಗಿರಲಿಲ್ಲ. ದಡದ ದಕ್ಷಿಣದ ತುದಿಗೆ ಮೀನು ಡಬ್ಬಿ ಕಾರ್ಖಾನೆಯ ಕೊಳಚೆ ಕೊಳವೆಯೊಂದು ಬಂದು ಬೀಳುತ್ತದೆ. ಈಗ ಅದರ ನಾಲ್ಕು ಪಟ್ಟು ದೊಡ್ಡ ಕೊಳವೆ ಹಾಕಬೇಕಂತೆ. ಈಗಿರುವ ಕೊಳವೆಯಿಂದ ದಡಕ್ಕೆ ಏನೂ ಹಾನಿಯಾಗಿಲ್ಲ ಎಂದು ಕೇಂದ್ರದ ದೊಡ್ಡ ಮೇಡಂ ಶುಕ್ರವಾರ ಸಂಜೆ ಸಹಿ ಹಾಕುವವರಿದ್ದರು. ಆಧಾರ ಮಾವನ ಹಾಳೆಗಳು. ಟೈಪ್ ಮಾಡಿದವಳು ನಾನು. ಶನಿವಾರ ಮಾವನ ನಿವೃತ್ತಿಯ ಬೀಳ್ಕೊಡುಗೆ.

ಬುಧವಾರ ಎಣಿಕೆಯ ದಿನ. ಮಾವನಿಗೆ ಮಂಡಿ ನೋವು ಜಾಸ್ತಿಯಾಗಿ, ಬರೆಯುವ ಹಲಗೆ, ಪೆನ್ಸಿಲ್ ಹಿಡಿಯಲು ಯಾರಾದರೂ ಬೇಕಾಯಿತು. ಮಗಳನ್ನು ಅತ್ತೆಯ ಬಳಿ ಬಿಟ್ಟು, ಜ್ವರದ ಔಷಧಿ ಎಷ್ಟು ಹೊತ್ತಿಗೆ ಎಂದು ಮೂರು ಸಲ ಹೇಳಿ, ನಾನೇ ಹೋದೆ.

ಉತ್ತರದ ಬಂಡೆಗಳಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಮಾವ ಬೆನ್ನು ತಿರುಗಿಸಿ ಎಸೆದರು, ಮಂಡಿಯೂರಿ ಕೂತರು, ಒಂದೊಂದೇ ಹುಳವನ್ನು ಬೆರಳ ತುದಿಯಿಂದ ಮುಟ್ಟುತ್ತ ಎಣಿಸಿದರು. ಆ ತಾಳ್ಮೆ ಮನೆಯಲ್ಲಿ ಅತ್ತೆಯ ಒಂದು ಮಾತು ಕೇಳಲೂ ಇಲ್ಲ. ದಕ್ಷಿಣಕ್ಕೆ ಹೋದಂತೆ ಬಂಡೆ ಬೋಳಾಯಿತು. ಪಾಚಿಯಿಲ್ಲ, ಚಿಪ್ಪಿಲ್ಲ, ಬೂದುಬಣ್ಣದ ಲೋಳೆ ಮಾತ್ರ. ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ. ಚೌಕಟ್ಟು ಠಣ್ ಎಂದು ಬಿತ್ತು. ಒಳಗೆ ಏನೂ ಇರಲಿಲ್ಲ. ಮಾವ ಅದನ್ನು ಎತ್ತಿಕೊಂಡು ಮತ್ತೆ ಎಸೆದರು. ಏನೂ ಇಲ್ಲ. ಮತ್ತೆ ಎಸೆದರು. ಆರನೆಯ ಸಲ ಅದು ಉರುಳಿಕೊಂಡು ಹೋಗಿ ಮೇಲಿನ ಸಂದಿಯೊಂದರ ಮೇಲೆ ನಿಂತಿತು. ಕೊಳಚೆ ತಾಗದ ಆ ಸಂದಿಯಲ್ಲಿ ಹುಳಗಳೆಲ್ಲ ಬಸ್ಸಿಗೆ ಕಾದವರ ಹಾಗೆ ಒತ್ತಿಕೊಂಡಿದ್ದವು.

"ಬರಿಯಮ್ಮ. ನಲವತ್ತನಾಲ್ಕು."

"ಮಾವ, ಮುಂಚೆ ಐದು ಸಲ ಬಿತ್ತಲ್ಲ?"

"ಬಿತ್ತು."

"ಅದನ್ನ ಬರಿಯೋದು ಬೇಡ್ವಾ?"

"ಏನು ಬರೀತೀಯ? ಎಣಿಸೋಕೇ ಏನೂ ಇಲ್ವಲ್ಲ." ಸಣ್ಣ ಮಗುವಿಗೆ ಹೇಳುವ ಧಾಟಿ. "ಎಣಿಸೋದು ಅಂದ್ರೆ ಇರೋದನ್ನ ಎಣಿಸೋದು. ಊಟಕ್ಕೆ ಬಂದೋರನ್ನ ಎಣಿಸು ಅಂದ್ರೆ ಬರದೇ ಇರೋರನ್ನ ಎಣಿಸ್ತಾರಾ?"

ಹದಿನಾಲ್ಕು ಹೆಸರು ಕಲಿತ ತಲೆಗೆ ಸೊನ್ನೆಯೂ ಒಂದು ಅಂಕಿ ಎಂದು ಹೊಳೆದಿಲ್ಲ. ಇಪ್ಪತ್ತಾರು ವರ್ಷ. ನನ್ನ ಎರಡೂವರೆ ವರ್ಷದ ಮಗಳು ಖಾಲಿ ಬಟ್ಟಲು ತೋರಿಸಿ "ಇಲ್ಲ" ಅನ್ನುತ್ತಾಳೆ.

ಪೆನ್ಸಿಲ್ ಹಿಡಿದು ಹಾಗೇ ನಿಂತೆ. ಮಾವ ಕೊಳವೆಯ ಕಡೆ ನೋಡುತ್ತ ಕೂತರು.

"ಈ ಬಂಡೆ ಹೋಗಿ ನಾಲ್ಕು ವರ್ಷ ಆಯ್ತು," ಅಂದರು. "ನಂಗೊತ್ತಿಲ್ಲ ಅಂದ್ಕೋಬೇಡ."

"ಗೊತ್ತಿದ್ದೂ ಬರೀಲಿಲ್ವಾ?"

"ಬರೆದೆ. ಮೊದಲನೇ ತಿಂಗಳು ಬರೆದೆ. ಹತ್ತು ಚೌಕ ಖಾಲಿ ಅಂತ ಗೀಟು ಹಾಕಿ ಕೊಟ್ಟೆ. ಆಗ ಒಬ್ಬ ಹೊಸ ಆಫೀಸರ್ ಇದ್ದ. ಎಲ್ಲರ ಎದುರಿಗೆ ಹಾಳೆ ಎತ್ತಿ ಹಿಡಿದು, 'ಬಂಡೆಗೆ ಹೋಗಿದ್ರಾ ಚೌಕದಣ್ಣ, ಇಲ್ಲ ಮನೇಲಿ ಮಲಗಿ ಗೀಟು ಎಳೆದ್ರಾ' ಅಂದ. ಎಲ್ಲಾ ನಕ್ಕರು. ನೀನೇ ಬಾರಯ್ಯ, ನೋಡು ಅಂದೆ. ಬೂಟು ಒದ್ದೆ ಆಗುತ್ತೆ ಅಂದ. ಆಮೇಲೆ ಸಿಗೋತನಕ ಎಸೆದೆ. ಯಾರೂ ಒಂದು ಮಾತು ಅನ್ನಲಿಲ್ಲ. ಚೆನ್ನಾಗಿದೆ ಅಂದ್ರು."

ಹಾಗಾದರೆ ಸೊನ್ನೆ ಇವರಿಗೆ ಗೊತ್ತಿತ್ತು. ಊಟಕ್ಕೆ ಬಂದವರ ಲೆಕ್ಕ ನನ್ನ ಬಾಯಿ ಮುಚ್ಚಿಸಲು. ನನಗೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ. ಬೂಟು ಒದ್ದೆ ಮಾಡಿಕೊಳ್ಳದ ಒಬ್ಬ ದಡ್ಡ ನಕ್ಕನೆಂದು, ನಮ್ಮ ಮಾವನೆಂಬ ದೊಡ್ಡ ಮನುಷ್ಯ ಮಾನ ಉಳಿಸಿಕೊಳ್ಳಲು ನಾಲ್ಕು ವರ್ಷ ಸತ್ತ ಬಂಡೆಯನ್ನು ಬದುಕಿಸಿ ಬರೆದ. ಕೇಂದ್ರದ ತುಂಬ ಪದವಿ ಪಡೆದವರಿದ್ದಾರೆ. ನಾಲ್ಕು ವರ್ಷದಲ್ಲಿ ಒಬ್ಬರಾದರೂ ಇನ್ನೂರು ಹೆಜ್ಜೆ ನಡೆದು ಬಂದು ಇಣುಕಲಿಲ್ಲ. ಇವರೆಲ್ಲ ಸೇರಿ ಕಡಲನ್ನು ಉಳಿಸುತ್ತಾರಂತೆ.

ಗುರುವಾರವಿಡೀ ಮನೆಯಲ್ಲಿ ಬೀಳ್ಕೊಡುಗೆಯ ಗಡಿಬಿಡಿ. ಅತ್ತೆ ಮಾವನ ಬಿಳಿ ಅಂಗಿಗೆ ಎರಡನೆಯ ಸಲ ಇಸ್ತ್ರಿ ಹಾಕಿದರು. ಮೇಡಂಗೆ ಎಲ್ಲ ಹೇಳುತ್ತೇನೆ ಎಂದು ನಾನು ಅಂದಾಗ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಶನಿವಾರ ಕಳೀಲಿ ಕಣೆ. ಆಮೇಲೆ ಏನಾದ್ರೂ ಹೇಳ್ಕೋ."

"ಶುಕ್ರವಾರ ಸಹಿ ಆಗುತ್ತೆ ಅತ್ತೆ. ಆಮೇಲೆ ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ."

"ಅವರ ಮರ್ಯಾದೆ?"

"ಅದನ್ನ ಅವರು ಬಂಡೆ ಮೇಲೆ ಬಿಟ್ಟು ಬಂದಿದ್ದಾರೆ."

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಅಂಗಿಯನ್ನು ಮಡಿಸಿದರು. ಆಮೇಲೆ ಸಂಜೆಯವರೆಗೆ ನನ್ನ ಮಗಳ ಜೊತೆ ಮಾತ್ರ ಮಾತಾಡಿದರು. ಗಂಡ ಬಂದು, "ನೀನು ಟೈಪ್ ಮಾಡ್ದೋಳು, ಸಿಕ್ಕಿ ಹಾಕ್ಕೊಳ್ತೀಯ," ಎಂದು ಹೆದರಿಸಿದರು. ಹೆದರಿದೆ. ನಾನು ಹೆದರದ ವಿಷಯವೇ ಇಲ್ಲ. ಆದರೆ ಮಕ್ಕಳು ಈಜುವುದು ಅದೇ ದಡದಲ್ಲಿ. ನಾಲ್ಕು ಪಟ್ಟು ಕೊಳಚೆ ಬಿದ್ದರೆ ಉತ್ತರದ ಬಂಡೆಯ ಆ ಹುಳಗಳು ಯಾವ ಸಂದಿಗೆ ಹೋಗುತ್ತವೆ?

ಶುಕ್ರವಾರ ಬೆಳಿಗ್ಗೆ ಮಗಳ ಜ್ವರ ಇಳಿದಿತ್ತು. ಎರಡು ಸಲ ನೋಡಿದೆ. ಫೋನ್ ತೆಗೆದುಕೊಂಡು ಪಡಸಾಲೆಗೆ ಬಂದೆ. ಮಾವ ಬೆಂಚಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಅವರ ಬೆನ್ನ ಹಿಂದೆ ಮಾಡಲು ಮನಸ್ಸಾಗಲಿಲ್ಲ.

"ಮಾವ, ಮೇಡಂಗೆ ಫೋನ್ ಮಾಡ್ತಿದೀನಿ."

ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಮಾಡು. ಎಣಿಕೆ ತಪ್ಪು ಅಂತ ಮಾತ್ರ ಅನ್ಬೇಡ. ಎಣಿಸಿದ್ದು ಒಂದೂ ತಪ್ಪಿಲ್ಲ."

ಈ ಹೊತ್ತಿನಲ್ಲೂ ಆ ಜಂಬ. ನನಗೆ ಮೈ ಉರಿಯಿತು. ಆ ಉರಿಯಲ್ಲೇ ನಂಬರ್ ಒತ್ತಿದೆ. ಇಲ್ಲದಿದ್ದರೆ ಧೈರ್ಯ ಬರುತ್ತಿರಲಿಲ್ಲ.

ನಾನು ಯಾರೆಂದು ಹೇಳಿದೆ. ಮೇಡಂ ಸಡಗರದಿಂದ, "ನಾಳೆ ಎಲ್ಲರೂ ಬರ್ಬೇಕು, ಮಗೂನೂ ಕರ್ಕೊಂಡು ಬನ್ನಿ," ಅಂದರು. ಅದಕ್ಕಲ್ಲ ಮೇಡಂ, ಅಂದೆ. ದಕ್ಷಿಣದ ಬಂಡೆಗಳು ಸತ್ತಿವೆ, ಖಾಲಿ ಬಿದ್ದ ಚೌಕಗಳನ್ನು ನಾಲ್ಕು ವರ್ಷದಿಂದ ಬರೆದಿಲ್ಲ, ಬರೆದಾಗ ನಿಮ್ಮ ಆಫೀಸಿನಲ್ಲೇ ನಕ್ಕರು, ನಾನು ಬುಧವಾರ ಕಣ್ಣಾರೆ ನೋಡಿದ್ದೇನೆ, ಆ ಹಾಳೆ ನಂಬಿ ಇವತ್ತು ಸಹಿ ಹಾಕಬೇಡಿ. ಉಸಿರು ತೆಗೆದುಕೊಳ್ಳದೆ ಹೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದು.

"ಇದು ಎಂಥಾ ಮಾತು ಅಂತ ಗೊತ್ತಾ ನಿಮಗೆ? ನಿಮ್ಮ ಮಾವನ ಇಷ್ಟು ವರ್ಷದ ಕೆಲಸ," ಅಂದರು.

"ಗೊತ್ತು. ಅವರು ಇಲ್ಲೇ ಕೂತಿದ್ದಾರೆ. ನೀವೇ ಬಂದು ನೋಡಿ ಮೇಡಂ."

ಮೇಡಂ, ಬೇಸರದಲ್ಲೋ ಸಿಟ್ಟಿನಲ್ಲೋ ತಿಳಿಯದ ದನಿಯಲ್ಲಿ, "ಇವತ್ತು ನೀರು ಎಷ್ಟು ಹೊತ್ತಿಗೆ ಇಳಿಯುತ್ತೆ?" ಎಂದು ಕೇಳಿದರು. ಕಡಲ ಕೇಂದ್ರದ ಮುಖ್ಯಸ್ಥೆ. ನನಗೂ ಗೊತ್ತಿರಲಿಲ್ಲ. ಫೋನಿನ ಬಾಯಿ ಮುಚ್ಚಿ ಮಾವನನ್ನು ಕೇಳಿದೆ.

"ಹನ್ನೊಂದೂ ಹತ್ತು," ಅಂದರು ಮಾವ, ತಲೆಯೆತ್ತದೆ. "ಬೂಟು ಬೇಡ ಅಂತ ಹೇಳು. ಜಾರುತ್ತೆ."

ನಾನು ಎರಡನ್ನೂ ಹೇಳಿದೆ.