ಅಕ್ಕನ ಬೋಳು ಸೈಕಸ್

ಮೊನ್ನೆ ಮೊಮ್ಮಗಳ ನಾಮಕರಣ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಂದವರಿಗೆಲ್ಲ ಮಗುವಿನ ಮುಖ ತೋರಿಸಿದ್ದೇ ತೋರಿಸಿದ್ದು, ನೋಡಿ ಊಟಕ್ಕೆ ಕೂತವರಿಗೂ ಮತ್ತೆ ತಂದು ತೋರಿಸಿದ್ದು. ಕೊನೆಗೆ ಮಗಳು ಗದರಿದಳು: "ಅಮ್ಮಾ, ಅದನ್ನ ಒಂಚೂರು ಮಲಗಕ್ಕೆ ಬಿಡು."

ತೊಟ್ಟಿಲಿಗೆ ಹೂವಿನವರು ಭರ್ಜರಿ ಅಲಂಕಾರ ಮಾಡಿದ್ದರು. ಮಲಗಿಸಲು ಬಗ್ಗಿದಾಗ ಮುಂಗೈಗೆ ಏನೋ ಚುಚ್ಚಿತು. ಗುಲಾಬಿ ಮುಳ್ಳಲ್ಲ... ಸೈಕಸ್ ಎಲೆ. ಬಾಚಣಿಗೆಯ ಹಾಗೆ ಉದ್ದಕ್ಕೆ ಹಲ್ಲು, ತುದಿಯೆಲ್ಲ ಸೂಜಿ. ಮಗುವಿಗೆ ತಾಗೀತೆಂದು ಎಲ್ಲ ಬಿಚ್ಚಿಸಿದೆ. ಕೈಯಲ್ಲಿ ಆ ಎಲೆ ಹಿಡಿದು ನಿಂತವಳಿಗೆ ಪಕ್ಕದ ಮನೆಯ ಅಕ್ಕ ನೆನಪಾದಳು.

ಕಾಮಾಕ್ಷಿಪಾಳ್ಯದ ನಮ್ಮ ವಠಾರದಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳ ಬಾಗಿಲಲ್ಲಿ ಒಂದು ಕುಂಡ, ಅದರಲ್ಲಿ ಸೈಕಸ್. ದಿನ ಬಿಟ್ಟು ದಿನ ಕಾವೇರಿ ನೀರು ಬಿಡುವ ಬೀದಿಗೆ ಇದೇ ಸರಿಯಾದ ಗಿಡ ಎನ್ನುತ್ತಿದ್ದಳು. "ಮಾನವಂತ ಗಿಡ ಕಣೇ ಇದು, ಬಾಯ್ಬಿಟ್ಟು ನೀರು ಕೇಳಲ್ಲ." ಮರಳು ಬೆರೆಸಿದ ಮಣ್ಣಿಗೆ ಬೆರಳಿಳಿಸಿ ನೋಡುವಳು. ಒಳಗೂ ಒಣಗಿದ್ದರೆ ಒಂದು ಚೊಂಬು ನೀರು, ಅದೂ ಕುಂಡದ ಅಂಚಿಗೆ. ಕೊಳೆತೀತೆಂದು ನೆತ್ತಿಗೆ ಹನಿ ಬೀಳಿಸುತ್ತಿರಲಿಲ್ಲ. ವರ್ಷಕ್ಕೊಮ್ಮೆ ಆ ನೆತ್ತಿಯಿಂದ ಎಳೆಯ ಎಲೆಗಳೆಲ್ಲ ಒಟ್ಟಿಗೆ, ಸುರುಳಿ ಸುರುಳಿಯಾಗಿ ಏಳುತ್ತಿದ್ದವು. ಆಗ ವಠಾರದವರೆಲ್ಲ ಬಂದು ನೋಡಬೇಕು, ಆದರೆ ಯಾರೂ ಮುಟ್ಟಬಾರದು.

ಆಮೇಲೆ ಅವಳಿಗೆ ಕ್ಯಾನ್ಸರ್ ಎಂದರು. ಔಷಧಿಗೆ ಕೂದಲೆಲ್ಲ ಉದುರಿತು. ಅದೇ ಸಮಯಕ್ಕೆ ಕುಂಡ ಒಡೆದು, ಗಿಡವನ್ನು ಬೇರೆ ಕುಂಡಕ್ಕೆ ಹಾಕಬೇಕಾಯಿತು. ಹೊಸ ಮಣ್ಣಿನಲ್ಲಿ ಬೇರಿಗೆ ಭಾರವಾಗದಿರಲಿ ಎಂದು ಎಲೆಯನ್ನೆಲ್ಲ ಕತ್ತರಿಸಿದಳು. ಉಳಿದದ್ದು ಅನಾನಸಿನಂಥ ಒಂದು ಬುಡ. ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ನಕ್ಕಳು: "ಈಗ ಇಬ್ರೂ ಬೋಳು. ಯಾರಿಗೆ ಮೊದ್ಲು ಚಿಗುರುತ್ತೋ ನೋಡೋಣ."

ಅವಳ ಗಂಡ ನಗಲಿಲ್ಲ. ನಾನು ಅವರನ್ನು ಭಾವ ಎನ್ನುತ್ತಿದ್ದೆ; ಲೇತ್ ಕೆಲಸದವರು, ಮಾತು ಕಡಿಮೆ. ತಮಾಷೆಗೆ ಆಡಿದ ಆ ಮಾತನ್ನು ಅವರು ಹರಕೆಯ ಗಂಟಿನಂತೆ ಇಟ್ಟುಕೊಂಡರು. ಗಿಡ ಚಿಗುರಿದರೆ ಹೆಂಡತಿ ಉಳಿಯುತ್ತಾಳೆ.

ಅಕ್ಕ ಆಸ್ಪತ್ರೆ ಸೇರಿದಳು. ನಮ್ಮಲ್ಲಿ ಹೊಸ ನೀರು ಬಂದ ದಿನ ಹಳೆಯ ನೀರು ಇಟ್ಟುಕೊಳ್ಳುವುದಿಲ್ಲ, ಕೊಡ ಬೋರಲು ಹಾಕಿ ತೊಳೆದೇ ತುಂಬುವುದು. ಹಳೆಯದು ಗಿಡಕ್ಕೆ. ಭಾವ ಬೆಳಗ್ಗೆ ನೀರು ಹಿಡಿಯಲೆಂದೇ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದರು. ಒಬ್ಬರೇ ಮನುಷ್ಯ, ಖರ್ಚಾಗದೆ ಉಳಿದ ಕೊಡಗಳೆಲ್ಲ ಆ ಬುಡದ ನೆತ್ತಿಗೆ. ನಾನು ಅಷ್ಟು ಹೊತ್ತಿಗೆ ಗಾರ್ಮೆಂಟ್ಸ್‌ಗೆ ಹೊರಟುಹೋಗಿರುತ್ತಿದ್ದೆ, ನೋಡಿದವಳಲ್ಲ.

ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿದ ದಿನ, ಅವಳನ್ನು ಆಟೋದಿಂದ ಇಳಿಸಿದ್ದು ನಾನೇ. ಮನೆಯೊಳಗೆ ಹೋಗುವ ಮುಂಚೆ ಕುಂಡದ ಹತ್ತಿರ ಕೂತಳು. ಬುಡವನ್ನು ಒತ್ತಿದಳು. ಹಣ್ಣಾದ ಪರಂಗಿಗೆ ಇಳಿದಂತೆ ಬೆರಳು ಒಳಗೆ ಇಳಿಯಿತು. ಕೊಳೆತ ವಾಸನೆ...

"ನೀರು ಹಾಕಿದ್ರಾ?" ಹಿಂದೆ ನಿಂತಿದ್ದ ಭಾವನನ್ನು ಕೇಳಿದಳು.

"ಒಂದ್ ಸಲಾನೂ ತಪ್ಪಿಸ್ಲಿಲ್ಲ ಕಣೇ. ತಲೆ ಮೇಲಿಂದಾನೇ ಸುರಿದಿದೀನಿ. ಇನ್ನೇನ್ ಬಂತು ನೋಡು."

ಅಕ್ಕ ಬೆರಳನ್ನು ಸೀರೆಯ ಮಡಿಕೆಯಲ್ಲಿ ಒರೆಸಿಕೊಂಡಳು. "ಒಳ್ಳೇದ್ ಮಾಡಿದ್ರಿ. ನಿಧಾನದ ಗಿಡ, ಬರುತ್ತೆ."

ಅವರು ಚೀಲ ತೆಗೆದುಕೊಂಡು ಒಳಗೆ ಹೋದ ಮೇಲೆ ನನ್ನ ಕೈ ಹಿಡಿದಳು. "ಇದು ಹೋಗಿದೆ ಕಣೇ. ಅವರಿಗೆ ಹೇಳ್ಬೇಡ. ಸುರೀಲಿ ಬಿಡು, ಕೈಗೊಂದು ಕೆಲಸ."

ಹಾಸಿಗೆಯಿಂದಲೇ ಕೂಗಿ ಕೇಳುತ್ತಿದ್ದಳು, "ಏನಾದ್ರೂ ಬಂತಾ?" ಅವರು ಕೊಡ ಹಿಡಿದು ಬಗ್ಗಿ ನೋಡಿ, "ಇನ್ನೂ ಇಲ್ಲ, ಬರೋ ಹಂಗಿದೆ" ಎನ್ನುತ್ತಿದ್ದರು. ರಜೆಯ ದಿನ ಗೋಡೆಯ ಈಚೆ ನನಗೆ ಎರಡೂ ಕೇಳಿಸುತ್ತಿತ್ತು.

ಯುಗಾದಿಗೆ ಮುಂಚೆ ಹೋದಳು. ತಿಥಿ ಮುಗಿದ ಮೇಲೆ ಭಾವ ಕುಂಡ ಸರಿಸಲು ಹೋದರೆ ಬುಡ ಕಿತ್ತು ಕೈಗೇ ಬಂತು. ಒಳಗೆಲ್ಲ ಟೊಳ್ಳು. ಅದನ್ನು ಎದೆಗೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. "ನೋಡಮ್ಮಾ... ಅವಳು ಹೋದ್ಲು ಅಂತ ಇದೂ ಹೋಯ್ತು." ನಾನು ಹೂಂ ಎಂದೆ.

ಈಗ ಭಾವ ಕೆಂಗೇರಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ನಾಮಕರಣಕ್ಕೆ ಬಂದಿದ್ದರು. ನನ್ನ ಕೈಯಲ್ಲಿದ್ದ ಎಲೆ ನೋಡಿದ್ದೇ ಪಕ್ಕದಲ್ಲಿದ್ದ ನಮ್ಮ ಬೀಗರಿಗೆ ಶುರುಮಾಡಿದರು: "ನಮ್ಮನೇಲೂ ಇತ್ತು ಸಾರ್. ನಮ್ಮನೆಯವಳು ಹೋದ ಕೊರಗಿಗೆ ಪ್ರಾಣ ಬಿಡ್ತು. ನೀರಿಗೇನೂ ಕಮ್ಮಿ ಮಾಡಿರ್ಲಿಲ್ಲ ನಾನು."

ಬೀಗರು ಲೊಚಗುಟ್ಟಿದರು. ಭಾವ ನನ್ನ ಕಡೆ ತಿರುಗಿದರು. "ಅಲ್ವೇನಮ್ಮಾ?"

ಒಳಗೆ ಮಗು ಎದ್ದು ಅಳತೊಡಗಿತ್ತು. "ಹೌದು ಭಾವ, ನೀವು ಚೆನ್ನಾಗಿ ನೋಡ್ಕೊಂಡ್ರಿ" ಎಂದೆ. ಈ ಸುಳ್ಳನ್ನು ಅಕ್ಕ ಒಬ್ಬಳೇ ಶುರುಮಾಡಿದ್ದು. ಈಗ ಅವಳಿಲ್ಲ, ನಾನೊಬ್ಬಳೇ ಹೇಳಬೇಕು.