ಬಾಗಿಲಿಗೆ ತಿರುಗಿದ ಚಪ್ಪಲಿ

ಪೆಟ್ರೊನಿಲ್ಲಾ ಟೀಚರಿಗೆ ಚೀನಾದ ಅಂತರ್ಯುದ್ಧ ಹೇಳಿಕೊಡಲು ನಕ್ಷೆ ಬೇಡ, ಮಕ್ಕಳ ಚಪ್ಪಲಿ ಸಾಕು. ಗಲ್ಫಿನ ಈಸಾ ಟೌನಿನ ಅವರ ಫ್ಲಾಟಿಗೆ ಟ್ಯೂಷನ್ನಿಗೆ ಬಂದವರೆಲ್ಲ ಬಾಗಿಲ ಒಳಗೆ ಗೋಡೆಯುದ್ದಕ್ಕೂ ಚಪ್ಪಲಿ ಬಿಡಬೇಕು, ಅವುಗಳ ಮೂತಿ ಮನೆಯೊಳಕ್ಕೇ ಇರಬೇಕು. ಒಂದು ಓರೆಯಾದರೂ ಪಾಠ ಶುರುವಾಗುವುದಿಲ್ಲ. ಆ ಸಾಲೇ ಆಗ ಚೀನಾ ಆಳುತ್ತಿದ್ದ ರಾಷ್ಟ್ರವಾದಿಗಳ ಸೇನೆ. "ಇವರ ಹತ್ರ ವಿಮಾನ ಉಂಟು, ಅಮೆರಿಕದ ಬಂದೂಕು ಉಂಟು, ದೊಡ್ಡ ದೊಡ್ಡ ಪಟ್ಟಣ ಉಂಟು. ಮತ್ತೆ ಎಂತಕ್ಕೆ ಸೋತದ್ದು?" ಎನ್ನುತ್ತಾ ಟೀಚರು ಮಂಡಿಯೂರಿ ಒಂದೊಂದೇ ಚಪ್ಪಲಿಯನ್ನು ಬಾಗಿಲಿಗೆ ತಿರುಗಿಸುತ್ತಾರೆ. "ಆಚೆ ಕಮ್ಯುನಿಸ್ಟರು ರೈತರಿಗೆ ಜಮೀನು ಕೊಟ್ರು. ಇಲ್ಲಿ ಸೈನಿಕನಿಗೆ ಹೊಟ್ಟೆಗಿಲ್ಲ, ಊಟ ಆಯ್ತಾ ಅಂತ ಕೇಳುವವರೂ ಇಲ್ಲ. ಜಗಳ ಮಾಡ್ಲಿಲ್ಲ ಮಕ್ಕಳೇ, ಸುಮ್ಮನೆ ಎದ್ದು ಆಚೆ ಹೋದ್ರು." ಆಗ ಅವರ ದನಿ ಎಷ್ಟು ತಗ್ಗುತ್ತದೆಂದರೆ, ಮಗಳನ್ನು ಕರೆದೊಯ್ಯಲು ಬಂದ ನಾನು ಹೊಸ್ತಿಲಲ್ಲೇ ಕಿವಿಗೊಟ್ಟು ನಿಲ್ಲುತ್ತೇನೆ. ಸಾಲಿನ ಕೊನೆಯಲ್ಲಿ ಗಂಡಸಿನ ಒಂದು ಜೊತೆ ಚಪ್ಪಲಿ ಯಾವಾಗಲೂ ಇರುತ್ತದೆ. ಅದು ಗಂಡ ರೊಕಿಯದು. ಹಿದ್ ಬಂದರಿನ ಕೆಲಸಕ್ಕೆಂದು ಜಗಳವೂ ಇಲ್ಲದೆ ಬೂಟು ಹಾಕಿಕೊಂಡು ಹೋದವನು ಮರಳಲೇ ಇಲ್ಲ. ಟೀಚರು ದಿನವೂ ಅದನ್ನು ಒಳಮುಖವಾಗಿ ಇಡುತ್ತಾರೆ, ಬೆಳಗಾಗುವಾಗ ಅದು ಬಾಗಿಲಿಗೆ ತಿರುಗಿರುತ್ತದಂತೆ. "ಏಸಿ ಗಾಳಿಗೆ ಇರ್ಬೇಕು," ಎನ್ನುತ್ತಾರೆ. ನಿನ್ನೆ ಮಗಳನ್ನು ಬಿಡಲು ಹೋದಾಗ, ಪಾಠಕ್ಕೆ ಮೊದಲು, ಮಕ್ಕಳ ಸಾಲೆಲ್ಲ ನೆಟ್ಟಗೆ ಒಳಮುಖವಾಗಿಯೇ ಇತ್ತು. ರೊಕಿಯದರ ಪಕ್ಕದಲ್ಲಿ ಟೀಚರ ಸ್ವಂತ ಚಪ್ಪಲಿಯೂ ಬಾಗಿಲಿಗೆ ತಿರುಗಿ ನಿಂತಿತ್ತು. ಟೀಚರು ಅದನ್ನು ನೋಡಿದರು, ತಿರುಗಿಸಲು ಬಗ್ಗಲಿಲ್ಲ.